ಈಚಲ ಮರದ ಕೆಳಗಿನ ಮಾತು



ಗಂಡಸಿ ಹೋಬಳಿಯ ಈ ದತ್ತಿ ಉಪನ್ಯಾಸದಲ್ಲಿ ಪದಗಳ ಹುಟ್ಟಿನ ಬಗ್ಗೆ ಮಾತಾಡಿ ಎಂದು ಸಾಹಿತ್ಯ ಪರಿಷತ್ತಿನವರು ಕೇಳಿದರು. ಯಾವ ಪದಗಳು ಎಂಬುದನ್ನು ನನಗೇ ಬಿಟ್ಟರು. ನಾನು ಆರಿಸಿಕೊಂಡದ್ದು ಪಾನದ ಪದಗಳನ್ನು: ಇಂಗ್ಲಿಷಿನ ವೈನ್ ಮತ್ತು ಅದರ ಬಳಗ, ಅದರ ಪಕ್ಕದಲ್ಲಿ ನಮ್ಮ ಕಳ್ಳು, ಹೆಂಡ, ನೀರಾ. ವಿಷಯ ತಿಳಿದ ಮೇಲೆ ಒಬ್ಬಿಬ್ಬರು ಹಿರಿಯರು ಮುಖ ಚಿಕ್ಕದು ಮಾಡಿಕೊಂಡರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ ಎಂಬ ಗಾದೆ ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಗಾದೆಯ ಭಯದಿಂದಲೇ ಓದಿದವರು ಆ ಮರದ ಹತ್ತಿರ ಹೆಚ್ಚು ಸುಳಿಯಲಿಲ್ಲ. ಅದರಿಂದ ಕನ್ನಡಕ್ಕೆ ಆದ ನಷ್ಟ ಏನು ಎಂಬುದನ್ನೇ ಇವತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಕುಡಿತದ ಪರವಾಗಿ ಒಂದು ಮಾತೂ ನನ್ನ ಬಾಯಿಂದ ಬರುವುದಿಲ್ಲ. ಅದು ಎಷ್ಟು ಮನೆಗಳನ್ನು ಗುಡಿಸಿ ಗುಂಡಾಂತರ ಮಾಡಿದೆ ಎಂಬುದು ಇಲ್ಲಿರುವ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಪದ ಬೇರೆ, ಚಟ ಬೇರೆ. ಮರ ಹತ್ತಿ ರಸ ಇಳಿಸಿದವರ ದುಡಿಮೆಯೂ ಅವರ ನುಡಿಯೂ ಕನ್ನಡದ ಆಸ್ತಿ. ಆ ಆಸ್ತಿಯ ಲೆಕ್ಕವನ್ನು ನಾವು ಸರಿಯಾಗಿ ಬರೆದಿಟ್ಟಿಲ್ಲ.

ಪದಗಳು ಹೇಗೆ ವಲಸೆ ಹೋಗುತ್ತವೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಿಮ್ಮಲ್ಲಿ ಬಹಳ ಮಂದಿ ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ಬಂದಿದ್ದೀರಿ. ದಾರಿಗಳು ಕೂಡುವಲ್ಲಿ ಯಾವ ಊರು ಯಾವ ಕಡೆ ಎಂದು ಕೈಚಾಚಿ ತೋರಿಸುವ ಕಂಬಕ್ಕೆ ಇಂಗ್ಲಿಷಿನಲ್ಲಿ ಹ್ಯಾಂಡ್‌ಪೋಸ್ಟ್ ಎನ್ನುತ್ತಾರೆ. ಹೆಗ್ಗಡದೇವನಕೋಟೆಯ ಹತ್ತಿರವೂ ಇದೇ ಹೆಸರಿನ ಜಾಗವಿದೆ. ಕಂಬ ಇರಲಿ, ಇಲ್ಲದಿರಲಿ, ಪದ ಊರಾಗಿ ನಿಂತುಬಿಟ್ಟಿತು. ಕಂಡಕ್ಟರು ಕೂಗುವಾಗ ಅದು ಅಚ್ಚಗನ್ನಡದ ಹೆಸರೇ.

ವೈನ್ ಎಂಬ ಪದವೂ ಹೀಗೇ ಊರೂರು ತಿರುಗಿದ್ದು. ಲ್ಯಾಟಿನ್ನಿನ ವೀನುಮ್ ಇಂಗ್ಲಿಷಿಗೆ ಬಂದು ವೈನ್ ಆಯಿತು. ಗ್ರೀಕರದು ಒಯ್ನೊಸ್, ಹೀಬ್ರೂ ಭಾಷೆಯದು ಯಯಿನ್, ಜಾರ್ಜಿಯಾದವರದು ಘ್ವಿನೊ. ಜಾರ್ಜಿಯಾದ ನೆಲದಲ್ಲಿ ಸಿಕ್ಕಿದ ಸುಮಾರು 8,000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ದ್ರಾಕ್ಷಿಯ ಮದ್ಯದ ಕುರುಹು ದೊರೆತಿದೆ. ಅಷ್ಟು ಹಳೆಯ ಬಾಳ್ವೆ ಇರುವ ಪದ ಮರಿ ಹಾಕದೆ ಇರುತ್ತದೆಯೇ? ಫ್ರೆಂಚರು ಹುಳಿಯಾದ ವೈನನ್ನು ಹುಳಿ ವೈನ್ ಎಂದೇ ಕರೆದರು, ಅದು ವಿನಿಗರ್ ಆಯಿತು. ದ್ರಾಕ್ಷಿ ಕೊಯ್ಲಿಗೆ ಲ್ಯಾಟಿನ್ನಿನಲ್ಲಿದ್ದ ಹೆಸರು ಸವೆದು ವಿಂಟೇಜ್ ಆಯಿತು, ಇಂತಿಂಥ ವರ್ಷದ ಕೊಯ್ಲು ಎಂದು ಬಾಟಲಿಯ ಮೇಲೆ ಬರೆಯುತ್ತಿದ್ದುದು ಈಗ ಹಳೆಯ ಕಾರಿನ ಮೇಲೆ ಹತ್ತಿ ಕೂತಿದೆ. ದೊಡ್ಡ ಹೋಟೆಲುಗಳಲ್ಲಿ ಯಾವ ಊಟಕ್ಕೆ ಯಾವ ವೈನ್ ಎಂದು ಹೇಳುವ ಸೊಮೆಲಿಯೆ ಎಂಬಾತನಿದ್ದಾನಲ್ಲ, ಆ ಹೆಸರಿನ ಮೂಲ ಹೇರುಕುದುರೆ, ಹೇರುಕತ್ತೆ ಹೊಡೆಯುವವನು. ಸಾಮಾನು ಸಾಗಿಸುವವನು ಉಗ್ರಾಣದವನಾದ, ಉಗ್ರಾಣದವನು ವೈನಿನ ಪಂಡಿತನಾದ. ಕೂಲಿಯವನ ಹೆಸರನ್ನು ಇಂಗ್ಲಿಷಿನ ಜನ, ಫ್ರೆಂಚಿನ ಜನ ಅಳಿಸಿಹಾಕಲಿಲ್ಲ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ವೈನಿಗೆ ಏನಾಯಿತು? ಕನ್ನಡಕ್ಕೆ ಬೈಬಲ್ ತಂದ ಮಿಷನರಿಗಳು ಅದಕ್ಕೆ ದ್ರಾಕ್ಷಾರಸ ಎಂಬ ಮಾತನ್ನು ನೆಲೆಗೊಳಿಸಿದರು. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದ ಕಥೆಯನ್ನು ಕನ್ನಡದ ಕ್ರೈಸ್ತರು ಆ ಮಾತಿನಲ್ಲೇ ಕೇಳುತ್ತ ಬಂದರು. 2007ರಲ್ಲಿ ಸರ್ಕಾರ ವೈನಿಗಾಗಿ ಒಂದು ಮಂಡಳಿ ಮಾಡಿದಾಗಲೂ ದ್ರಾಕ್ಷಾರಸ ಎಂಬ ಮಾತೇ ಕೈಗೆ ಬಂತು. ಬೆಂಗಳೂರು ಸುತ್ತಿನ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ನಮ್ಮ ತಾಲ್ಲೂಕು ಪೇಟೆಗಳಲ್ಲಿ ವೈನ್ಸ್ ಎಂದು ಫಲಕ ಹಾಕಿಕೊಂಡ ಅಂಗಡಿಗಳಲ್ಲಿ ಬಹುಪಾಲು ಬಿಕರಿಯಾಗುವುದು ವಿಸ್ಕಿ, ರಮ್ಮು, ಬ್ರಾಂದಿ. ಅಲ್ಲಿ ದ್ರಾಕ್ಷಿಯ ಸಂಬಂಧ ಹೆಸರಿನಲ್ಲಿ ಮಾತ್ರ.

ಇಂಗ್ಲಿಷಿನವರ ಇನ್ನೊಂದು ಹಳೆಯ ಪಾನ ಜೇನಿನಿಂದ ಮಾಡಿದ ಮೀಡ್. ಇದು ನಮಗೆ ಹತ್ತಿರದ ನೆಂಟ. ಸಂಸ್ಕೃತದ ಮಧು, ಗ್ರೀಕಿನ ಮೆಥು, ರಷ್ಯದ ಮ್ಯೋದ್, ಇಂಗ್ಲಿಷಿನ ಮೀಡ್ ಒಂದೇ ತಾಯಿಯ ಮಕ್ಕಳು. ಪಾರಸಿಯಲ್ಲಿ ಮದ್ಯಕ್ಕೆ ಮೈ ಎನ್ನುತ್ತಾರೆ, ಅದೂ ಈ ಮಧುವೇ. ಉಮರ್ ಖಯ್ಯಾಮನ ಪದ್ಯಗಳನ್ನು ನಮ್ಮ ಡಿ.ವಿ.ಜಿ.ಯವರು ಉಮರನ ಒಸಗೆಯಾಗಿ ಕನ್ನಡಕ್ಕೆ ತಂದಾಗ ಆ ಪದ ಬಳಸುದಾರಿಯಲ್ಲಿ ತೌರಿಗೆ ಬಂದಂತಾಯಿತು. ಗ್ರೀಕರು ಒಂದು ನೇರಳೆ ಬಣ್ಣದ ಹರಳು ತೊಟ್ಟರೆ ಅಮಲು ಏರುವುದಿಲ್ಲ ಎಂದು ನಂಬಿದ್ದರು. ಮೆಥುವಿನ ಮುಂದೆ ಇಲ್ಲ ಎಂಬ ಅರ್ಥದ ಅಕಾರ ಸೇರಿಸಿ ಅದನ್ನು ಅಮೆಥಿಸ್ಟ್ ಎಂದರು. ಕನ್ನಡದ ಮಕ್ಕಳಿಗೆ ಇದು ಸುಲಭವಾಗಿ ತಿಳಿಯಬೇಕು. ನ್ಯಾಯದ ಮುಂದೆ ಅ ಬಂದರೆ ಅನ್ಯಾಯವಾಗುವ ಹಾಗೆಯೇ ಇದು.

ಈ ಮಧುವಿನ ಪಯಣ ನಿಲ್ಲುವುದು ಒಂದು ಘೋರ ಜಾಗದಲ್ಲಿ. 1834ರ ಸುಮಾರಿಗೆ ಡ್ಯೂಮಾ, ಪೆಲಿಗೋ ಎಂಬ ಇಬ್ಬರು ಫ್ರೆಂಚ್ ರಸಾಯನ ವಿಜ್ಞಾನಿಗಳು ಕಟ್ಟಿಗೆಯಿಂದ ಬರುವ ಒಂದು ಸ್ಪಿರಿಟ್ಟನ್ನು ಪರಿಶೀಲಿಸಿ, ಗ್ರೀಕಿನ ಮೆಥು ಮತ್ತು ಕಟ್ಟಿಗೆ ಎಂಬ ಅರ್ಥದ ಹ್ಯೂಲೆ ಕೂಡಿಸಿ ಒಂದು ಹೆಸರು ಮಾಡಿದರು. ಅದರಿಂದ ಮೀಥೈಲ್ ಬಂತು, ಮೆಥನಾಲ್ ಬಂತು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತದ್ದು ಆ ಮೀಥೈಲ್ ಆಲ್ಕೋಹಾಲಿನಿಂದ. 2008ರಲ್ಲಿ ಬೆಂಗಳೂರಿನ ಸುತ್ತ ಮತ್ತು ಗಡಿಯಾಚೆಯ ಕೃಷ್ಣಗಿರಿಯ ಕಡೆ ಅದೇ ಕಥೆ ಮರುಕಳಿಸಿತು. ಮೆಥನಾಲ್ ಕಣ್ಣಿನ ನರವನ್ನು ಕೆಡಿಸುತ್ತದೆ, ಬದುಕಿ ಉಳಿದವರಲ್ಲೂ ಹಲವರು ಕುರುಡರಾಗುತ್ತಾರೆ. ಇಲ್ಲಿ ಇನ್ನೊಂದು ಪದ ನೆನಪಾಗುತ್ತದೆ. ಆಲ್ಕೋಹಾಲ್ ಎಂಬುದು ಅರಬ್ಬಿಯ ಅಲ್-ಕುಹ್ಲ್, ಅಂದರೆ ಕಣ್ಣಿಗೆ ಹಚ್ಚುವ ಅಂಜನದ ನುಣ್ಣನೆಯ ಪುಡಿ, ಉರ್ದುವಿನಲ್ಲಿ ಸುರಮಾ ಎನ್ನುವುದು. ನುಣ್ಣನೆಯ ಪುಡಿ ಎಂಬ ಅರ್ಥದಿಂದ ಯಾವುದೇ ವಸ್ತುವಿನ ಸಾರ ಎಂಬ ಅರ್ಥ ಬಂತು. 16ನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ವೈನಿನ ಸಾರಕ್ಕೆ ಆ ಹೆಸರು ಬಳಸಿದ. ಕಣ್ಣಿಗೆ ಕಾಂತಿ ಕೊಡುವ ವಸ್ತುವಿನ ಹೆಸರು ಹೊತ್ತ ದ್ರವವೇ ಕಣ್ಣು ಕಿತ್ತುಕೊಂಡಿತು. ಜೇನಿನ ಹೆಸರು, ಕಾಡಿಗೆಯ ಹೆಸರು, ಎರಡೂ ಆ ಸೀಸೆಯ ಮೇಲಿವೆ. ಬೆಂಗಳೂರಿನ ಆ ಕೂಲಿಕಾರರ ಹೆಂಡಿರು ಮಕ್ಕಳನ್ನು ನೆನೆದಾಗ ನನಗೆ ಈ ವ್ಯುತ್ಪತ್ತಿ ಸುಮ್ಮನೆ ಒಂದು ಸ್ವಾರಸ್ಯವಾಗಿ ಉಳಿಯುವುದಿಲ್ಲ.

ಮನುಷ್ಯ ಎಲ್ಲಿದ್ದರೂ ಮದ್ಯವನ್ನು ಅದರ ಹೆಸರಿನಿಂದ ಕರೆಯಲು ಹಿಂಜರಿದಿದ್ದಾನೆ. ಹಲವು ನಾಡಿನವರು ಬಚ್ಚಿಟ್ಟುಕೊಂಡದ್ದು ಒಂದೇ ಪದದ ಹಿಂದೆ, ನೀರು. ಸ್ಕಾಟ್ಲೆಂಡಿನವರ ವಿಸ್ಕಿ ಅಂದರೆ ಅವರ ಹಳೆಯ ಭಾಷೆಯಲ್ಲಿ ಜೀವಜಲ. ಅದರ ಪೂರ್ತಿ ರೂಪ ಉಷ್ಕೆ ಬೆಹಾ. ರಷ್ಯದವರ ವೋಡ್ಕಾ ಅಂದರೆ ಪುಟ್ಟ ನೀರು. ರಷ್ಯದ ವೊದಾ, ಇಂಗ್ಲಿಷಿನ ವಾಟರ್, ಸಂಸ್ಕೃತದ ಉದಕ ಒಂದೇ ಬೇರಿನವು. ಸಂಧ್ಯಾವಂದನೆಯ ಉದಕವೂ ವೋಡ್ಕಾವೂ ಒಡಹುಟ್ಟಿದವು ಎಂದರೆ ನಂಬುವುದು ಕಷ್ಟ, ಆದರೆ ಭಾಷೆಯ ವಂಶಾವಳಿ ಹಾಗಿದೆ. ನಮ್ಮ ಅಬಕಾರಿ ಇಲಾಖೆಯೂ ನೀರಿನ ಇಲಾಖೆಯೇ. ಪಾರಸಿಯಲ್ಲಿ ಆಬ್ ಎಂದರೆ ನೀರು, ಕಾರಿ ಎಂದರೆ ಕೆಲಸ. ಐದು ನದಿಗಳ ಪಂಜಾಬಿನಲ್ಲಿರುವುದೂ ಆ ಆಬ್. ಗುಲ್ ಎಂದರೆ ಹೂವು, ಅದರ ನೀರು ಗುಲಾಬ್, ಅದು ನಮ್ಮಲ್ಲಿ ಹೂವಿನ ಹೆಸರೇ ಆಗಿ ಗುಲಾಬಿ. ಪುರಾಣದಲ್ಲಿ ಸಮುದ್ರ ಕಡೆದಾಗ ಹುಟ್ಟಿದ ಮದ್ಯದೇವತೆ ವಾರುಣಿ, ನೀರಿನ ಒಡೆಯನಾದ ವರುಣನ ಮಗಳು. ಇವತ್ತಿಗೂ ನಮ್ಮವರು ತೀರ್ಥ ತಗೊಂಡ ಎನ್ನುತ್ತಾರೆ, ಎಣ್ಣೆ ಹಾಕಿದ ಎನ್ನುತ್ತಾರೆ, ಪರಮಾತ್ಮ ಒಳಗಿಳಿದ ಎನ್ನುತ್ತಾರೆ. ಹೆಸರು ಮರೆಮಾಡುವ ಈ ಅಭ್ಯಾಸ ಕನ್ನಡಿಗರೊಬ್ಬರದಲ್ಲ.

ಇಲ್ಲಿ ನೀರಾ ಎಂಬ ಪದವನ್ನು ನೋಡೋಣ, ತೆಂಗಿನ ಸೀಮೆಯವರಾದ ನಮಗೆ ಇದು ಮನೆಮಾತು. ನೀರ್ ಎಂಬುದು ದ್ರಾವಿಡದ ಅಚ್ಚ ಪದ. ಅದು ಬಹಳ ಹಿಂದೆಯೇ ಸಂಸ್ಕೃತಕ್ಕೆ ಹೋಗಿ ನೀರ ಆಯಿತೆಂದು ವಿದ್ವಾಂಸರು ಒಪ್ಪುತ್ತಾರೆ. ಮುಂದೆ ಮರಾಠಿ, ಹಿಂದಿಗಳಲ್ಲಿ ಹುಳಿಯದ ಸಿಹಿ ಕಳ್ಳಿಗೆ ನೀರಾ ಎಂಬ ಹೆಸರು ನಿಂತಿತು. ಗಾಂಧೀಜಿ ಪಾನನಿಷೇಧದ ಜತೆಗೆ ನೀರಾ ಮತ್ತು ತಾಳೆಬೆಲ್ಲದ ಮಾತೆತ್ತಿದಾಗ ಅದು ದೇಶಕ್ಕೆಲ್ಲ ಪರಿಚಯವಾಯಿತು. ಹಾಗೆ ನಮ್ಮ ನೀರು ಉತ್ತರಕ್ಕೆ ಹೋಗಿ, ಬಾಲಕ್ಕೆ ದೀರ್ಘ ಹಚ್ಚಿಕೊಂಡು ಹಿಂದಿರುಗಿತು.

ಬಟ್ಟಿ ಇಳಿಸುವ ವಿದ್ಯೆಯ ಪದಗಳಿಗೆ ಬೆಂಕಿಯ ಕಾವಿದೆ, ಬೆವರಿದೆ. ಅರಬ್ಬಿಯ ಅರಕ್ ಎಂದರೆ ಬೆವರು. ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಆವಿ ಬೆವರಿನಂತೆ ಹನಿಗಟ್ಟಿ ಇಳಿಯುವುದನ್ನು ಕಂಡವರು ಇಟ್ಟ ಹೆಸರು. ಇಂಗ್ಲಿಷರು ಅದನ್ನು ಅರ್ರಾಕ್ ಮಾಡಿದರು, ಗೋವೆಯವರ ಉರಾಕ್ ಅದರದೇ ರೂಪ. ಬ್ರಾಂದಿ ಡಚ್ಚರ ಮಾತು, ಸುಟ್ಟ ವೈನ್ ಎಂದು ಅದರ ಅರ್ಥ. ನಮ್ಮ ಬಟ್ಟಿಯೂ ಒಲೆಯೇ ತಾನೇ? ಗೋವೆಯ ಫೆಣಿಗೆ ಆ ಹೆಸರು ಬಂದದ್ದು ನೊರೆಯಿಂದ, ಸಂಸ್ಕೃತದ ಫೇನ ಅದು. ಕುಡಿ ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಷರಾಬು ಬಂತು, ರಂಜಾನಿನ ಷರಬತ್ತೂ ಬಂತು, ಮಕ್ಕಳ ಕೆಮ್ಮಿಗೆ ಕೊಡುವ ಸಿರಪ್ಪೂ ಬಂತು. ನಿಷಿದ್ಧ, ಸತ್ಕಾರ, ಔಷಧ ಮೂರೂ ಒಂದೇ ಮಾತಿನಿಂದ ಹುಟ್ಟಿದ್ದನ್ನು ನೋಡಿದರೆ ತಪ್ಪೊಪ್ಪು ಬಳಕೆಯಲ್ಲಿದೆ, ಪದದಲ್ಲಿಲ್ಲ ಎಂಬ ನನ್ನ ವಾದಕ್ಕೆ ಬಲ ಬರುತ್ತದೆ.

ಇನ್ನು ಸಾಹಿತ್ಯದವರು ಕೇಳಲೇಬೇಕಾದ ಒಂದು ಸಂಗತಿ. ಅಮರಕೋಶದಲ್ಲಿ ಮದ್ಯದ ಹೆಸರುಗಳ ಸಾಲೊಂದಿದೆ. ಸುರಾ, ಹಾಲಾ, ಮದಿರಾ ಇವೆ. ಬಲರಾಮನಿಗೆ ಪ್ರಿಯವಾದದ್ದರಿಂದ ಹಲಿಪ್ರಿಯಾ ಇದೆ, ಒಳ್ಳೆಯ ಪರಿಮಳದ್ದು ಎಂದು ಗಂಧೋತ್ತಮಾ ಇದೆ, ತಿಳಿಯಾದದ್ದು ಎಂದು ಪ್ರಸನ್ನಾ ಇದೆ. ಆ ಸಾಲಿನಲ್ಲೇ ಕಾದಂಬರೀ ಕೂಡ ಇದೆ. ಕದಂಬದ ಹೂವಿಗೆ ನಂಟು ಹೇಳುವ ಮದ್ಯದ ಹೆಸರು ಅದು. ಬಾಣಭಟ್ಟ ತನ್ನ ನಾಯಿಕೆಗೆ ಆ ಹೆಸರಿಟ್ಟ, ಗ್ರಂಥಕ್ಕೂ ಅದೇ ಹೆಸರಾಯಿತು. ನಮ್ಮ ನಾಗವರ್ಮ ಅದನ್ನು ಕರ್ಣಾಟಕ ಕಾದಂ‌ಬರಿಯಾಗಿ ತಂದ. ಇಂಗ್ಲಿಷಿನ ನಾವೆಲ್ ಎಂಬ ಪ್ರಕಾರ ಬಂದಾಗ ಮರಾಠಿಯವರೂ ಕನ್ನಡದವರೂ ಬಾಣನ ಕೃತಿಯ ಹೆಸರನ್ನೇ ಆ ಪ್ರಕಾರಕ್ಕೆ ಇಟ್ಟುಕೊಂಡರು. ಕಾರಂತರು, ಕುವೆಂಪು, ಅನಕೃ ಬರೆದದ್ದೆಲ್ಲ ಕಾದಂಬರಿ. ಮದ್ಯದ ಹೆಸರೊಂದು ಇಷ್ಟು ಗೌರವದ ಪೀಠ ಏರಿದ್ದನ್ನು ನಾನು ಬೇರೆ ಭಾಷೆಗಳಲ್ಲಿ ಹುಡುಕಿದ್ದೇನೆ, ಇದಕ್ಕೆ ಸಾಟಿಯಾದದ್ದು ನನಗೆ ಸಿಕ್ಕಿಲ್ಲ.

ಈಗ ನಮ್ಮ ಮರಗಳ ಕಡೆ ಬರೋಣ. ಇಂಗ್ಲಿಷಿನ ಟಾಡಿ ನಮ್ಮ ನೆಲದ ಪದ. ಹಿಂದಿಯ ತಾಡಿ ಎಂದರೆ ತಾಳೆಯ ಕಳ್ಳು. ಆ ತಾಡ್ ಬಂದದ್ದು ಸಂಸ್ಕೃತದ ತಾಲದಿಂದ. ಆ ತಾಲದ ಬೆನ್ನ ಹಿಂದೆ ಕನ್ನಡದ ತಾೞ್, ತೆಲುಗಿನ ತಾಡು, ತಾಟಿ ನಿಂತಿವೆ. ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಈ ಪದ ಸ್ಕಾಟ್ಲೆಂಡಿಗೆ ಹೋಯಿತು. ಅಲ್ಲಿ ತಾಳೆಯೂ ಇಲ್ಲ, ಈಚಲೂ ಇಲ್ಲ. ಅವರು ಬಿಸಿನೀರು, ಸಕ್ಕರೆ ಬೆರೆಸಿದ ವಿಸ್ಕಿಗೆ ಟಾಡಿ ಎಂದರು. ಪಂಚ್ ಎಂಬ ಪಾನದ ಹೆಸರು 1632ರ ಒಂದು ಕಂಪನಿ ಪತ್ರದಲ್ಲೇ ಕಾಣುತ್ತದೆ. ಅರ್ರಾಕ್, ಸಕ್ಕರೆ, ನಿಂಬೆ, ಸಾಂಬಾರ ಪದಾರ್ಥ, ನೀರು ಎಂಬ ಐದರಿಂದ ಪಂಚ್ ಎಂಬುದು ಬಹುಜನರ ಮತ. ಪೀಪಾಯಿಯ ಹೆಸರಿನಿಂದ ಬಂತು ಎನ್ನುವವರೂ ಇದ್ದಾರೆ. ಮೊದಲನೆಯದು ನಿಜವಾದರೆ ನಮ್ಮ ಪಂಚಾಮೃತಕ್ಕೂ ಅದಕ್ಕೂ ಎಣಿಕೆ ಒಂದೇ. ಇಂಗ್ಲಿಷಿನ ಕೊಪ್ರಾ ಮಲಯಾಳದ ಕೊಪ್ಪರ, ನಮ್ಮ ಕೊಬ್ಬರಿ. ಅರಸೀಕೆರೆ ಎಪಿಎಂಸಿಯಲ್ಲಿ ಹರಾಜಿಗೆ ಬರುವ ಚೀಲದೊಳಗಿನ ಪದ ಲಂಡನ್ನಿನ ಪೇಟೆ ವರದಿಯಲ್ಲೂ ಇತ್ತು.

ಇದೆಲ್ಲ ಗೊತ್ತಾಗಿರುವುದು ಹೇಗೆ? ಯೂಲ್ ಮತ್ತು ಬರ್ನೆಲ್ ಎಂಬಿಬ್ಬರ ಹಾಬ್ಸನ್-ಜಾಬ್ಸನ್ ಎಂಬ ನಿಘಂಟು 1886ರಲ್ಲಿ ಬಂತು. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುವಿನ ಪಾಡ್ದನಗಳನ್ನೂ ಕೂಡಿಹಾಕಿದವರು. ನಾವಿಕರ ಪತ್ರ, ವ್ಯಾಪಾರಿಗಳ ಲೆಕ್ಕ, ಸುಂಕದ ಕಡತ ಯಾವುದನ್ನೂ ಹೀನವೆಂದು ಅವರು ಪಕ್ಕಕ್ಕಿಡಲಿಲ್ಲ. ಕನ್ನಡದಲ್ಲಿ ಕಿಟೆಲ್ 1894ರ ನಿಘಂಟಿನಲ್ಲಿ ಕಸುಬಿನ ಮಾತುಗಳಿಗೆ ಜಾಗ ಕೊಟ್ಟರು. ಪಾ.ವೆಂ. ಆಚಾರ್ಯರು ಪದಾರ್ಥ ಚಿಂತಾಮಣಿಯಲ್ಲಿ ಪದಗಳ ಚರಿತ್ರೆಯನ್ನು ಕಥೆಯಂತೆ ಹೇಳಿ ನಮ್ಮಂಥವರಿಗೆ ರುಚಿ ಹತ್ತಿಸಿದರು. ಆದರೂ ಮರದ ಮೇಲಿನ ಮಾತು ಮರದ ಮೇಲೇ ಉಳಿಯಿತು.

ಎಷ್ಟು ಮಾತಿದೆ ನೋಡಿ. ಕಳ್ ಎಂಬುದು ಕನ್ನಡ, ತಮಿಳು, ಮಲಯಾಳಗಳಲ್ಲಿ ಹೆಚ್ಚುಕಡಿಮೆ ಒಂದೇ ರೂಪದಲ್ಲಿದೆ. ತುಳುವಿನಲ್ಲಿ ಕಲಿ. ತಮಿಳಿನಲ್ಲಿ ಕಳಿ ಎಂದರೆ ಅಮಲೂ ಹೌದು, ಆನಂದವೂ ಹೌದು. ಕಲಬುರಗಿ, ಬೀದರ ಕಡೆ ಸೇಂದಿ, ಅದು ಈಚಲಿಗೆ ಮರಾಠಿಯಲ್ಲಿರುವ ಶಿಂದಿ. ಸಕಲೇಶಪುರದ ಘಟ್ಟ ಹತ್ತಿದರೆ ಬಗನಿ ಮರ, ಬೈನೆ ಎಂದೂ ಕರೆಯುತ್ತಾರೆ. ಕುವೆಂಪು ಕಾದಂಬರಿಗಳ ಮಲೆನಾಡಿನಲ್ಲಿ ಬಗನಿ ಕಳ್ಳು ಇಲ್ಲದ ಹಟ್ಟಿಯಿಲ್ಲ. ನಮ್ಮ ಬಯಲುಸೀಮೆಯಲ್ಲಿ ಈಚಲ ಹೆಂಡ. ಪಂಪ 941ರಲ್ಲಿ ಬರೆದ ಭಾರತದಲ್ಲಿ ಅರ್ಜುನ ರಾತ್ರಿ ಸೂಳೆಗೇರಿಯಲ್ಲಿ ನಡೆದು ಹೋಗುವಾಗ ಪಾನಗೋಷ್ಠಿಯನ್ನು ಕಾಣುತ್ತಾನೆ, ಅರಮನೆಯ ಕವಿಗೆ ಅದನ್ನು ವರ್ಣಿಸಲು ಸಂಕೋಚವಿರಲಿಲ್ಲ. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನಿದ್ದ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವನ ವಚನಗಳಿವೆ, ಹೆಂಡ ಮಾರುವ ಕಾಯಕದ ಮಾತುಗಳಿಂದಲೇ ಅವನು ಅರಿವಿನ ಮಾತಾಡಿದ. ಕಾಯಕದ ಹೆಸರನ್ನು ಹೆಸರಿನ ಮುಂದೆಯೇ ಇಟ್ಟುಕೊಂಡ ಆ ಧೈರ್ಯವನ್ನು ನಾನು ತುಂಬ ಗೌರವಿಸುತ್ತೇನೆ. 20ನೆಯ ಶತಮಾನದಲ್ಲಿ ಕಾರಂತರ ಕಾದಂಬರಿಯ ಚೋಮ ಕಳ್ಳಿನಂಗಡಿಗೆ ಹೋದ, ಜಿ.ಪಿ. ರಾಜರತ್ನಂ ಹಕಾರ ಬಿಟ್ಟು ಯೆಂಡ ಎಂದೇ ಬರೆದು ಹಳ್ಳಿಯ ನಾಲಗೆಯನ್ನು ಪುಸ್ತಕಕ್ಕೆ ತಂದರು. ಅವರು ಸ್ವತಃ ಕುಡಿದವರಲ್ಲ. ಅವರಿಗೆ ಬೇಕಾದದ್ದು ಆ ನುಡಿ.

ಕೆಲಸವನ್ನು ಹತ್ತಿರದಿಂದ ನೋಡಿದರೆ ಇನ್ನೂ ಮಾತು ಸಿಗುತ್ತದೆ. ತೆಂಗಿನಲ್ಲಿ ರಸ ಬರುವುದು ಹೊಂಬಾಳೆಯಿಂದ. ಬಿರಿಯದ ಹೊಂಬಾಳೆಯನ್ನು ಹಗ್ಗದಿಂದ ಸುತ್ತಿ ಬಿಗಿದು, ಮರದ ಕೊಡತಿಯಿಂದಲೋ ಎಲುಬಿನಿಂದಲೋ ದಿನವೂ ಹಗುರವಾಗಿ ಬಡಿಯುತ್ತಾರೆ. ಜೋರಾಗಿ ಬಡಿದರೆ ಒಳಗಿನ ಹೂ ಜಜ್ಜಿ ಕೊಳೆಯುತ್ತದೆ, ಮೆಲ್ಲಗೆ ಬಡಿದರೆ ರಸ ಇಳಿಯುವುದಿಲ್ಲ. ಹದ ಬಂದ ಮೇಲೆ ತುದಿ ಕೊಯ್ದು ಗಡಿಗೆ ಕಟ್ಟುತ್ತಾರೆ. ಆಮೇಲೆ ಬೆಳಿಗ್ಗೆ ಸಂಜೆ ಮರ ಹತ್ತಿ, ಕೊಯ್ದ ಮುಖವನ್ನು ತೆಳ್ಳಗೆ ಮತ್ತೆ ಸವರಿ ಹೊಸದು ಮಾಡಬೇಕು. ಈಚಲಿನ ರೀತಿ ಬೇರೆ. ಅಲ್ಲಿ ಸುಳಿಯ ಕೆಳಗೆ ಕಾಂಡದ ಒಂದು ಮಗ್ಗುಲನ್ನೇ ಕೆತ್ತಿ ಗಾಯ ಮಾಡಿ, ರಸ ಹರಿದು ಬರಲು ಸೀಳುಬಿದಿರು ಸಿಕ್ಕಿಸಿ, ಕೆಳಗೆ ಮಡಕೆ ನೇತುಹಾಕುತ್ತಾರೆ. ಹಳೆಯ ಈಚಲ ಮರದ ಮೈ ಅಂಕುಡೊಂಕಾಗಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಆ ಗಾಯಗಳಿಂದ. ಗಾಯಗಳ ಸಾಲು ನೋಡಿ ಮರವನ್ನು ಎಷ್ಟು ಹಂಗಾಮು ಇಳಿಸಿದ್ದಾರೆಂದು ಅಂದಾಜು ಮಾಡಬಹುದು.

ಗಡಿಗೆಯ ಒಳಮೈಗೆ ಸುಣ್ಣ ಸವರಿದರೆ ರಸ ಬೇಗ ಹುಳಿಯುವುದಿಲ್ಲ, ಅದು ನೀರಾ. ಸುಣ್ಣವಿಲ್ಲದೆ ಬಿಟ್ಟರೆ ಗಾಳಿಯ ಯೀಸ್ಟು ಕೆಲವೇ ಗಂಟೆಗಳಲ್ಲಿ ಸಕ್ಕರೆಯನ್ನು ತಿಂದು ಅದನ್ನು ಹೆಂಡ ಮಾಡುತ್ತದೆ. ಇನ್ನೂ ಬಿಟ್ಟರೆ ವಿನಿಗರ್. ಕುದಿಸಿ ಕಟ್ಟಿದರೆ ಬೆಲ್ಲ. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಸನ್ನಾಸ್ ಎಂಬ ತಿಂಡಿಯ ಹಿಟ್ಟು ಉಬ್ಬಿಸಲು ಅದೇ ಕಳ್ಳು. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಣ್ಣಗೆ ರಸ ಹಿಡಿಯುವ ವಿಧಾನ ಮಾಡಿ, ಅದಕ್ಕೆ ಕಲ್ಪರಸ ಎಂದು ಹೆಸರಿಟ್ಟರು. ಮರ ಒಂದೇ, ರಸ ಒಂದೇ. ಕಾನೂನಿನ ಕಣ್ಣಿಗೆ, ಸಮಾಜದ ಕಣ್ಣಿಗೆ ಅದು ಏನು ಎಂಬುದು ಗಂಟೆಗಳ ಲೆಕ್ಕದ ಮೇಲೆ ನಿಂತಿದೆ.

ಈ ಮರಗಳ ಮೇಲೆ ನಮ್ಮ ರಾಜಕೀಯ ಚರಿತ್ರೆಯೂ ಗುರುತು ಕೊರೆದಿದೆ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು, ನಿಜಲಿಂಗಪ್ಪನವರು ಅದರಲ್ಲಿದ್ದರು. ಈಚಲು ಅಂದರೆ ಸರ್ಕಾರದ ಅಬಕಾರಿ ಆದಾಯ, ಅದನ್ನು ಕಡಿದರೆ ಸರ್ಕಾರಕ್ಕೇ ಕೊಡಲಿಯೇಟು ಎಂಬ ಎಣಿಕೆ ಅವರದು. ಆರು ದಶಕ ಕಳೆದ ಮೇಲೆ ತೆಂಗಿಗೆ ನುಸಿಪೀಡೆ ಬಿತ್ತು. ಕಾಯಿ ಚಿಕ್ಕದಾಯಿತು, ಬೆಲೆ ನೆಲಕಚ್ಚಿತು, ರೈತರು ನೀರಾ ಇಳಿಸಲು ಬಿಡಿ ಎಂದರು. ಆ ಹೋರಾಟದ ನಡುವೆ 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಗೋಲಿಬಾರಾಗಿ ರೈತರು ಪ್ರಾಣ ಕಳೆದುಕೊಂಡರು. ನುಸಿ ಕಂಡ ನಮ್ಮ ಅರಸೀಕೆರೆ, ತಿಪಟೂರು ತೋಟಗಾರರಿಗೆ ಆ ಸುದ್ದಿ ಪಕ್ಕದ ಮನೆಯ ಸಾವಿನಂತೆ ತಟ್ಟಿತು. 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದ ಕಡೆ ಹೆಂಡ ನಿಂತಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿಯ ವಿರುದ್ಧ ಬೀದಿಗಿಳಿದ ಹೆಂಗಸರ ಹೋರಾಟಕ್ಕೆ ಸಿಕ್ಕ ಜಯ ಅದು, ನಾನು ಅದನ್ನು ಮನಸಾರೆ ಸ್ವಾಗತಿಸಿದವನು.

ಆದರೆ ಭಾಷೆಯಲ್ಲಿ ಏನಾಯಿತು ಎಂಬುದನ್ನೂ ಗಮನಿಸಬೇಕು. ಬುಂಡೆ, ಬುರುಡೆ, ಮೊಗೆ, ಗಡಿಗೆ ಎಂದು ಅಳೆಯುತ್ತಿದ್ದ ನಾಲಗೆ ಈಗ ನೈಂಟಿ, ಕ್ವಾರ್ಟರ್, ಹಾಫ್, ಟೆಟ್ರಾ ಪ್ಯಾಕ್ ಎನ್ನುತ್ತದೆ. ಹೆಂಡದಂಗಡಿಗೆ ಇದ್ದ ಪಡಖಾನೆ ಎಂಬ ಮಾತು ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ಕಾಲೇಜಿನ ಮಕ್ಕಳಿಗೆ ತಿಳಿಯದು. ಕುಡಿಯುವುದು ನಿಲ್ಲಲಿಲ್ಲ, ಕನ್ನಡ ನಿಂತಿತು. ಕರಾವಳಿಯಲ್ಲಿ ಕಳ್ಳು ಇಳಿಸುವುದಕ್ಕೆ ಮೂರ್ತೆ, ಇಳಿಸುವವನಿಗೆ ಮೂರ್ತೆದಾರ ಎಂಬ ಮಾತುಗಳು ಬದುಕಿವೆ, ಏಕೆಂದರೆ ಅಲ್ಲಿ ಕಸುಬು ಬದುಕಿದೆ, ಮೂರ್ತೆದಾರರ ಸಹಕಾರ ಸಂಘಗಳಿವೆ. ನಮ್ಮ ಕಡೆಯ ಈಡಿಗರ ಮನೆಗಳಲ್ಲಿ ಕತ್ತಿ ಅಟ್ಟ ಸೇರಿತು. ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದರು, ಹೋಗಬೇಕಾದದ್ದೇ. ಅವರಲ್ಲಿ ಕೆಲವರು ಅಜ್ಜನ ಕಸುಬಿನ ಮಾತೆತ್ತಿದರೆ ತಲೆ ತಗ್ಗಿಸುತ್ತಾರೆ. ಆ ತಗ್ಗಿದ ತಲೆ ನನ್ನನ್ನು ಬಹಳ ಕಾಡುತ್ತದೆ. ದ್ರಾಕ್ಷಿ ಹಿಂಡಿದವರ ಮೊಮ್ಮಕ್ಕಳು ಯೂರೋಪಿನಲ್ಲಿ ಹೆಮ್ಮೆಯಿಂದ ಮನೆಯ ಹೆಸರನ್ನು ಬಾಟಲಿಯ ಮೇಲೆ ಅಚ್ಚು ಹಾಕುತ್ತಾರೆ. ನಲವತ್ತು ಅಡಿ ಮರವನ್ನು ದಿನಕ್ಕೆರಡು ಸಲ ಹತ್ತಿಳಿದವನ ಮೊಮ್ಮಗ ಏಕೆ ನಾಚಬೇಕು?

ಈ ಸೀಮೆಯಲ್ಲೇ ನಮಗೊಂದು ಮೇಲ್ಪಂಕ್ತಿ ಇದೆ. ಹಳೇಬೀಡು ದೋರಸಮುದ್ರವಾಗಿ ಹೊಯ್ಸಳರ ರಾಜಧಾನಿಯಾಗಿದ್ದ 13ನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆದ. ಜನ್ನನ ಸೋದರಳಿಯ ಅವನು. ಅವನ ಕಾಲಕ್ಕೆ ೞ ಎಂಬ ಅಕ್ಷರದ ಉಚ್ಚಾರಣೆ ಜನರ ಬಾಯಲ್ಲಿ ಳ ಜತೆ ಬೆರೆತು ಹೋಗುತ್ತಿತ್ತು. ಕಳ್ಳಿನ ಳ ಬೇರೆ, ತಾೞಿನ ೞ ಬೇರೆ ಎಂಬ ವಿವೇಕ ಅಳಿಯುತ್ತಿತ್ತು. ಕೇಶಿರಾಜ ೞ ಇರುವ ಪದಗಳ ಪಟ್ಟಿಯನ್ನೇ ಮಾಡಿಟ್ಟ. ಆ ಧ್ವನಿ ಕನ್ನಡದಿಂದ ಹೋಯಿತು, ಪಟ್ಟಿ ಉಳಿಯಿತು. ಇವತ್ತು ಯಾವ ಪದ ಯಾವ ಬೇರಿನದು ಎಂದು ನಾವು ತಾಳೆ ನೋಡುವುದು ಅವನ ಪಟ್ಟಿಯ ಬಲದಿಂದ.

ಅಂಥದೊಂದು ಪಟ್ಟಿಯನ್ನು ಗಂಡಸಿ ಹೋಬಳಿಯಲ್ಲಿ ಮಾಡೋಣ ಎಂಬುದು ನನ್ನ ಕೋರಿಕೆ. ಕಾಲೇಜಿನ ಮಕ್ಕಳು ಮೊಬೈಲು ಹಿಡಿದು ಹಿರಿಯರ ಬಳಿ ಹೋಗಿ ಧ್ವನಿ ಹಿಡಿಯಬೇಕು. ಈಚಲ ಹೆಂಡ ಇಳಿಸಿದ ಹಿರಿಯರಲ್ಲಿ ಹಲವರು ಎಂಬತ್ತು ದಾಟಿದ್ದಾರೆ, ಇದು ಮುಂದಿನ ವರ್ಷಕ್ಕೆ ಹಾಕುವ ಕೆಲಸವಲ್ಲ. ಸೊಂಟದ ಹಗ್ಗಕ್ಕೆ, ಕಾಲಿಗೆ ಹಾಕುವ ಬಳೆಗೆ, ಕತ್ತಿ ಮಸೆಯುವ ಹಲಗೆಗೆ, ಹೊಂಬಾಳೆಯ ಹದಗಳಿಗೆ, ಮೊದಲ ರಸಕ್ಕೆ, ಕಡೆಯ ರಸಕ್ಕೆ, ಮರ ಬತ್ತುವುದಕ್ಕೆ ಏನೇನು ಅನ್ನುತ್ತಿದ್ದರೆಂದು ಕೇಳಬೇಕು. ತೆಂಗಿನ ಮಾತುಗಳನ್ನೂ ಜತೆಗೆ ಸೇರಿಸಿಕೊಳ್ಳಿ: ಹರಳು, ಕುರುಂಬೆ, ಎಳನೀರು, ಗಿಟಕು, ಮಟ್ಟೆ, ಕಂಟ, ಸೋಗೆ. ಅರಸೀಕೆರೆಯ ತೆಂಗು ಸಂಶೋಧನಾ ಕೇಂದ್ರದವರು ಸಸ್ಯದ ಕಡೆಯ ಅನುಮಾನ ಬಗೆಹರಿಸಿಕೊಟ್ಟಾರು. ಹೇಳಿದವರ ಹೆಸರು, ಊರು ಪ್ರತಿ ಪದದ ಮುಂದೆ ಇರಲಿ, ಅವರು ಒಪ್ಪಿದರೆ. ಈ ದತ್ತಿ ಇಟ್ಟ ಕುಟುಂಬದವರೊಂದಿಗೆ ಬೆಳಿಗ್ಗೆ ಮಾತಾಡಿದ್ದೇನೆ. ಈ ಉಪನ್ಯಾಸಕ್ಕೆಂದು ನನಗೆ ಕೊಡುವ ಗೌರವಧನವನ್ನು ಆ ಪಟ್ಟಿಯ ಅಚ್ಚಿನ ಖರ್ಚಿಗೆ ಮೊದಲ ಕಂತಾಗಿ ಇಟ್ಟುಕೊಳ್ಳಲು ಅವರು ಒಪ್ಪಿದ್ದಾರೆ. ಹೆಸರು ಕೊಡುವ ಮಕ್ಕಳು ಸಭೆ ಮುಗಿದ ಮೇಲೆ ಪರಿಷತ್ತಿನ ಕಾರ್ಯದರ್ಶಿಗಳ ಹತ್ತಿರ ಬನ್ನಿ.